ಹಂಡೆ ಯಾರದು?

ಜುಲ್ಮಾನೆ ಎಂಬ ಪದವನ್ನು ನಾನು ಕಲಿತದ್ದು ಅಜ್ಜಿಯ ಬಾಯಿಂದ. ಅಪರಾಧ ಎನ್ನುವ ಅರ್ಥದ ‘ಜುರ್ಮ್’ನಿಂದ ಹುಟ್ಟಿದ ‘ಜುರ್ಮಾನಾ’, ಪಾರಸಿಯ ಮೂಲಕ ಕನ್ನಡಕ್ಕೆ ಬರುವಾಗ ದಾರಿಯಲ್ಲಿ ಒಂದು ರಕಾರವನ್ನು ಕಳೆದುಕೊಂಡು ಲಕಾರವನ್ನು ಎತ್ತಿಕೊಂಡು ಬಂದಿದೆ. ಅಜ್ಜಿಗೆ ಈ ಶಾಸ್ತ್ರ ಬೇಕಿರಲಿಲ್ಲ. ಅವಳ ಲೆಕ್ಕದಲ್ಲಿ ಜುಲುಮೆಯಿಂದ ಕೀಳುವ ಹಣವೇ ಜುಲ್ಮಾನೆ. ಶಾನುಭೋಗರಿಗೆ ಕೊಟ್ಟದ್ದು ಕಂದಾಯ, ದೇವರಿಗೆ ಕೊಟ್ಟದ್ದು ಕಾಣಿಕೆ, ಕೋರ್ಟಿಗೆ ಕೊಟ್ಟದ್ದು ಜುಲ್ಮಾನೆ. ಮೊದಲಿನ ಎರಡಕ್ಕೂ ಮನೆಯಲ್ಲಿ ಹಣ ಎತ್ತಿಡುವ ಪದ್ಧತಿ ಇತ್ತು. ಮೂರನೆಯದಕ್ಕೆ ಇರಲಿಲ್ಲ.

ಅದರ ಜೊತೆಗೇ ಬರುವ ಇನ್ನೊಂದು ಪದ ಅಮೀನ. ಅರಬ್ಬಿಯಲ್ಲಿ ಅಮೀನ ಎಂದರೆ ನಂಬಿಕಸ್ಥ, ನಂಬಿ ಒಪ್ಪಿಸಬಹುದಾದವನು. ಎಂಥ ಒಳ್ಳೆಯ ಹೆಸರು ಎಂಥ ಕೆಲಸಕ್ಕೆ ಬಂದು ಕೂತಿದೆ ನೋಡಿ! ಕೊಪ್ಪದ ಮಗ್ಗುಲಿನ ಬಾಳಗಡಿಯಿಂದ ಒಳಗೆ ಇಳಿದು ಎರಡು ಸಂಕ ದಾಟಿದರೆ ಸಿಗುವ ನಮ್ಮ ಮನೆಯ ಆಸುಪಾಸಿನಲ್ಲಿ, ಕೋರ್ಟಿನ ಕಾಗದ ಹಿಡಿದು ಬಂದವರೆಲ್ಲ ಅಮೀನರೇ. ಸಮನ್ಸು ತಂದವನೂ ಅಮೀನ, ಜಪ್ತಿಗೆ ಬಂದವನೂ ಅಮೀನ, ಒಮ್ಮೆ ದಾರಿ ತಪ್ಪಿ ಬಂದ ಜೀವವಿಮೆಯ ಏಜೆಂಟನೂ ಸ್ವಲ್ಪ ಹೊತ್ತು ಅಮೀನ. ಘಟ್ಟದ ಕೆಳಗಿನಿಂದ ನಮ್ಮ ಶಾಲೆಗೆ ಬಂದ ಮೇಷ್ಟರೊಬ್ಬರ ಮನೆತನದ ಹೆಸರೇ ಅಮೀನ್ ಎಂದು ತಿಳಿದಾಗ, ಅವರು ಪಾಠ ಮಾಡುವುದಕ್ಕೇ ಬಂದದ್ದು ಹೌದೋ ಅಲ್ಲವೋ ಎಂದು ಅಜ್ಜಿ ಒಂದು ವಾರ ಅನುಮಾನಪಟ್ಟಿದ್ದಳು.

ನಿಜಕ್ಕೂ ಅಮೀನರ ಕೆಲಸ ಸಿವಿಲ್ ಕೋರ್ಟಿನದು. ಸಾಲದ ದಾವೆ ಡಿಕ್ರಿಯಾಗಿ, ಸಾಲಗಾರ ಕೊಡದೆ ಹೋದಾಗ ಅವರು ಬರುತ್ತಾರೆ. ಕ್ರಿಮಿನಲ್ ಕೋರ್ಟು ಹಾಕಿದ ದಂಡ ವಸೂಲಾಗದಿದ್ದರೆ ಅದರ ದಾರಿ ಬೇರೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 421ನೇ ಕಲಮು ಎರಡು ಉಪಾಯ ಹೇಳುತ್ತಿತ್ತು. ಒಂದು, ಅಪರಾಧಿಯ ಚರ ಸೊತ್ತನ್ನು ಜಪ್ತಿ ಮಾಡಿ ಮಾರಿ ದಂಡ ವಸೂಲು ಮಾಡುವಂತೆ ವಾರಂಟು ಹೊರಡಿಸುವುದು. ಇದನ್ನು ಹಿಡಿದು ಬರುವವರು ಸಾಮಾನ್ಯವಾಗಿ ಪೊಲೀಸರು. ಇನ್ನೊಂದು, ಜಿಲ್ಲಾಧಿಕಾರಿಗೆ ಬರೆದು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಿಸುವುದು. ನಮ್ಮ ಮನೆಗೆ ಬಂದದ್ದು ಮೊದಲನೆಯದು. ಆದರೂ ಇವತ್ತಿಗೂ ನಮ್ಮಲ್ಲಿ ಆ ವರ್ಷವನ್ನು ನೆನೆಯುವುದು ‘ಅಮೀನ ಬಂದ ವರ್ಷ’ ಎಂದೇ. 1993ರ ಆಷಾಢ ಅದು.

ದಂಡ ಬಿದ್ದದ್ದು ನನ್ನ ಚಿಕ್ಕಯ್ಯನಿಗೆ, ಅಂದರೆ ಅಪ್ಪಯ್ಯನ ಕೊನೆಯ ತಮ್ಮನಿಗೆ. ಚಿಕ್ಕಯ್ಯ ಕೆಟ್ಟವನಲ್ಲ. ಕರೆದವರ ಜೊತೆ ಹೋಗುವವನು. ಮದುವೆಗೆ ಕರೆದರೆ ಮದುವೆಗೆ, ಯಕ್ಷಗಾನಕ್ಕೆ ಕರೆದರೆ ಯಕ್ಷಗಾನಕ್ಕೆ. ಹಾಗೆಯೇ ಒಬ್ಬ ಸ್ನೇಹಿತ ಕರೆದನೆಂದು ಮರದ ಲಾರಿಗೆ ಹೋದ. ಲಾರಿಯಲ್ಲಿದ್ದ ನಾಟಾಗಳಿಗೂ ರಹದಾರಿಯಲ್ಲಿದ್ದ ನಾಟಾಗಳಿಗೂ ತಾಳೆಯಾಗಲಿಲ್ಲ. ಮಲೆನಾಡಿನಲ್ಲಿ ಮರ ಎಂದರೆ ಬರೀ ಮರವಲ್ಲ. ಯಾವ ಮರ, ಯಾರ ಜಾಗದ್ದು, ಕಡಿಯಲು ಅಪ್ಪಣೆ ಇತ್ತೆ, ಸಾಗಿಸಲು ಪಾಸು ಇದೆಯೆ, ಇಷ್ಟನ್ನೂ 1963ರ ಕರ್ನಾಟಕ ಅರಣ್ಯ ಕಾಯಿದೆ ಕೇಳುತ್ತದೆ. ಚಿಕ್ಕಯ್ಯ ಇದ್ಯಾವುದನ್ನೂ ಕೇಳಿರಲಿಲ್ಲ. ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದ, ಕಾಗದಕ್ಕೆ ರುಜು ಹಾಕು ಎಂದರೆ ಹಾಕಿದ್ದ. ಲಾರಿಯವನು ತನ್ನ ಪಾಲಿನ ದಂಡವನ್ನು ಅದೇ ದಿನ ಕಟ್ಟಿ ಮನೆಗೆ ಹೋದ. ಚಿಕ್ಕಯ್ಯನಿಗೆ 3,000 ರೂಪಾಯಿ ದಂಡ, ತಪ್ಪಿದರೆ 30 ದಿನ ಸಾದಾ ಸಜೆ ಎಂದಾಯಿತು.

ಕಾನೂನು ಇಲ್ಲಿ ಒಂದು ದಯೆಯ ಕಿಂಡಿ ಇಟ್ಟಿದೆ. ಬರೀ ದಂಡದ ಶಿಕ್ಷೆಯಾಗಿ, ಆ ಕೂಡಲೇ ಕಟ್ಟಲು ಕೈಯಲ್ಲಿ ಹಣವಿಲ್ಲದಿದ್ದರೆ, ಮುಚ್ಚಳಿಕೆ ಬರೆಸಿಕೊಂಡು ಎರಡು ಅಥವಾ ಮೂರು ಕಂತಿನಲ್ಲಿ ಕಟ್ಟಲು ಕೋರ್ಟು ಬಿಡಬಹುದು. ಮೊದಲ ಕಂತು 30 ದಿನದೊಳಗೆ, ಉಳಿದದ್ದು ಒಂದರಿಂದೊಂದಕ್ಕೆ 30 ದಿನ ಮೀರದ ಹಾಗೆ. ಚಿಕ್ಕಯ್ಯನಿಗೆ ಮೂರು ಕಂತು ಸಿಕ್ಕಿತು. ಮೊದಲ ಸಾವಿರ ಕಟ್ಟಿದ. ಎರಡನೆಯ ಸಾವಿರಕ್ಕೆ ಮೊದಲು ಊರು ಬಿಟ್ಟ. ಹುಬ್ಬಳ್ಳಿಯ ಕಡೆ ಯಾವುದೋ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದಾನೆ ಎಂದು ಯಾರೋ ಕಂಡವರು ಹೇಳಿದರು. ಕಾಗದ ಬರಲಿಲ್ಲ. ಬಂದದ್ದು ವಾರಂಟು.

ಬಂದವರು ಇಬ್ಬರು, ಒಬ್ಬರು ದಫೇದಾರರು, ಇನ್ನೊಬ್ಬ ಹುಡುಗ ಪೇದೆ. ಪುನರ್ವಸು ಮಳೆ ಹೊಯ್ಯುತ್ತಿತ್ತು. ಇಬ್ಬರ ಬೂಟಿನೊಳಗೂ ನೀರು. ಪೇದೆಯ ಕಾಲಿಗೆ ಉಂಬಳ ಹತ್ತಿ ರಕ್ತ ಇಳಿಯುತ್ತಿತ್ತು. ಅಜ್ಜಿ ಮೊದಲು ಮಾಡಿದ ಕೆಲಸ ಸುಣ್ಣ ತಂದು ಅವನ ಕಾಲಿಗೆ ಹಚ್ಚಿದ್ದು. ಎರಡನೆಯದು ಬೆಲ್ಲದ ಕಾಫಿ. ಕಾಫಿ ಕುಡಿದಾದ ಮೇಲೆ ದಫೇದಾರರು ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು, ಬಹಳ ಸಂಕೋಚದಿಂದ, ‘ಯಜಮಾನ್ರೆ, ಇದೊಂದು ಕೆಲ್ಸ ಇತ್ತು’ ಅಂದರು. ಬೈದು ಬಂದಿದ್ದರೆ ನಮ್ಮವರಿಗೂ ಏನಾದರೂ ಹೇಳಲು ಬರುತ್ತಿತ್ತು. ಅಷ್ಟು ಮರ್ಯಾದೆಯಿಂದ ಬಂದವರಿಗೆ ಏನು ಹೇಳುವುದು?

ವಾರಂಟಿನಲ್ಲಿ ಬರೆದಿದ್ದದ್ದು ಇಷ್ಟೆ: ಸದರಿ ಅಪರಾಧಿಗೆ ಸೇರಿದ ಚರ ಸೊತ್ತು ಜಪ್ತಿ ಮಾಡತಕ್ಕದ್ದು. ಸೇರಿದ ಎಂಬುದೇ ಮುಖ್ಯ. ಅಣ್ಣನದು ಜಪ್ತಿ ಮಾಡುವ ಹಾಗಿಲ್ಲ, ತಾಯಿಯದು ಮಾಡುವ ಹಾಗಿಲ್ಲ, ಹೆಂಡತಿಯದೂ ಮಾಡುವ ಹಾಗಿಲ್ಲ. ಯಾರದೋ ಸೊತ್ತು ಜಪ್ತಿಯಾದರೆ ಅವರು ತಕರಾರು ಹೇಳಬಹುದು. ಅದನ್ನು ತೀರ್ಮಾನಿಸುವ ನಿಯಮ ರಾಜ್ಯ ಸರ್ಕಾರ ಮಾಡಬಹುದು ಎಂದು ಅದೇ 421ನೇ ಕಲಮಿನಲ್ಲಿದೆ. ಎಷ್ಟು ನ್ಯಾಯದ ಮಾತು! ತಪ್ಪು ಮಾಡಿದವನ ಕೈಗೆ ಮಾತ್ರ ಬರೆ. ಆದರೆ ಈ ನ್ಯಾಯ ನಡೆಯಬೇಕಾದರೆ ಮನೆಯೊಳಗಿನ ಒಂದೊಂದು ವಸ್ತುವಿನ ಮುಂದೆಯೂ ನಿಂತು ‘ಇದು ಯಾರದು?’ ಎಂದು ಕೇಳಬೇಕು. ಮೂರು ತಲೆಮಾರು ಪಾಲಾಗದ ಮನೆಯಲ್ಲಿ ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಜಗುಲಿಯ ಮೂಲೆಯಲ್ಲಿ ಸೈಕಲ್ಲಿತ್ತು. ಅದನ್ನು ಕೊಂಡದ್ದು ಅಪ್ಪಯ್ಯ, ಹೊಡೆದದ್ದು ಚಿಕ್ಕಯ್ಯ, ಆ ವರ್ಷ ಕಾಲೇಜಿಗೆ ಒಯ್ಯುತ್ತಿದ್ದದ್ದು ನಾನು. ರೇಡಿಯೋ ಚಿಕ್ಕಮ್ಮನ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಕೊಟ್ಟದ್ದು ಮಗಳಿಗೋ ಅಳಿಯನಿಗೋ ಎಂದು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಅಡಿಕೆಗೆ ಔಷಧಿ ಹೊಡೆಯುವ ಪಂಪು ಇತ್ತು. ಅದು ಮೂರು ಮನೆಯವರು ಸೇರಿ ತಂದದ್ದು. ಕೊಳೆರೋಗದ ಕಾಲದಲ್ಲಿ ಯಾರ ತೋಟದ ಸರದಿಯೋ ಅವರ ಮನೆಯಲ್ಲಿರುತ್ತಿತ್ತು. ಅಟ್ಟದ ಮೇಲೆ ಒಂದೂವರೆ ಚೀಲ ಅಡಿಕೆ, ದೀಪಾವಳಿಯ ಹೊತ್ತಿಗೆ ದರ ಏರಬಹುದೆಂದು ಇಟ್ಟದ್ದು. ಅದರಲ್ಲಿ ಚಿಕ್ಕಯ್ಯ ಸುಲಿಸಿದ ಕಾಯಿ ಎಷ್ಟು, ಅಪ್ಪಯ್ಯ ಬೇಯಿಸಿದ್ದು ಎಷ್ಟು?

ದಫೇದಾರರು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಸಿವಿಲ್ ಡಿಕ್ರಿಯ ಜಪ್ತಿಗಾದರೆ ಬಿಡಬೇಕಾದ್ದು ಏನೇನು ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಪಟ್ಟಿ ಮಾಡಿದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆ, ಬೇಸಾಯಗಾರನ ನೇಗಿಲು, ಅವನ ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ, ಇವನ್ನು ಮುಟ್ಟುವ ಹಾಗಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ವಾಸದ ಮನೆಯೊಳಗೆ ಕಾಲಿಡುವ ಹಾಗಿಲ್ಲ ಎಂದು 62ನೇ ಕಲಮು. ಪಟ್ಟಿ ಬರೆದವರು ಮನೆ ಎಂದರೆ ಏನೆಂದು ಬಲ್ಲವರು. ಆದರೆ ಅದು ಸಾಲದ ಜಪ್ತಿಗೆ ಬರೆದದ್ದು, ಜುಲ್ಮಾನೆಯ ಕಲಮಿನಲ್ಲಿ ಅಂಥ ಪಟ್ಟಿ ಇಲ್ಲ. ಅವತ್ತು ಅಡುಗೆಮನೆ ಉಳಿದದ್ದು ದಫೇದಾರರ ಸ್ವಂತ ಕಾನೂನಿನಿಂದ ಎಂದು ನನ್ನ ನಂಬಿಕೆ.

ಬಚ್ಚಲುಮನೆಯ ಬಾಗಿಲಲ್ಲಿ ಅವರು ನಿಂತರು. ಒಳಗೆ ಹಂಡೆ. ಮಲೆನಾಡಿನ ಬಚ್ಚಲು ಕಂಡವರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ದೇವರ ಮನೆಯ ದೀಪ ಆರಿದರೂ ಹಂಡೆಯ ಒಲೆ ಆರುವುದಿಲ್ಲ. ಒದ್ದೆ ಬಟ್ಟೆ, ಒದ್ದೆ ಕಂಬಳಿ, ಒದ್ದೆ ಮನುಷ್ಯರು, ಎಲ್ಲರೂ ಅದರ ಮುಂದೆಯೇ ಒಣಗಬೇಕು. ನಮ್ಮದು ಎರಡು ಆಳು ಸೇರಿ ಎತ್ತಬೇಕಾದ ತಾಮ್ರದ ಹಂಡೆ. ಮಾರಿದರೆ ಎರಡು ಸಾವಿರ ಹುಟ್ಟುವ ಚರ ಸೊತ್ತು ಆ ಮನೆಯಲ್ಲಿ ಅದೊಂದೇ ಎಂದು ನೋಡಿದವರಿಗೆ ತಿಳಿಯುತ್ತಿತ್ತು.

‘ಅಜ್ಜಮ್ಮ, ಈ ಹಂಡೆ ಯಾರ್ದು?’ ದಫೇದಾರರು ಕೇಳಿದರು.

‘ಯಾರ್ದು ಅಂದ್ರೆ?’ ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಬಚ್ಚಲಿಂದು.’

ಹುಡುಗ ಪೇದೆ ನಕ್ಕುಬಿಟ್ಟ. ದಫೇದಾರರೂ ಮೀಸೆಯೊಳಗೆ ನಕ್ಕರು. ಆದರೆ ಬಚ್ಚಲಿಂದು ಎಂದು ಮಹಜರಿನಲ್ಲಿ ಬರೆಯಲು ಬರುವುದಿಲ್ಲ. ಅಷ್ಟರಲ್ಲಿ ಪಂಚರಾಗಿ ರುಜು ಹಾಕಲು ಪಕ್ಕದ ಮನೆಗಳಿಂದ ಇಬ್ಬರನ್ನು ಕರೆಸಲಾಗಿತ್ತು. ಜಪ್ತಿಯ ಅವಮಾನ ಎಂಬುದು ಪೊಲೀಸರಿಂದ ಆಗುವುದಲ್ಲ, ಈ ಪಂಚರಿಂದ. ಮೂವತ್ತು ವರ್ಷ ನಮ್ಮ ಜಗುಲಿಯಲ್ಲಿ ಕೂತು ಎಲೆಯಡಿಕೆ ಹಾಕಿದವರು, ಅವತ್ತು ಕೂರಲೂ ಆಗದೆ, ನಿಲ್ಲಲೂ ಆಗದೆ, ಮಾಡಿನಿಂದ ಇಳಿಯುವ ನೀರನ್ನೇ ನೋಡುತ್ತಿದ್ದರು. ಅವರ ಎದುರಿಗೆ ದಫೇದಾರರು ಬಾಗಿಲ ಹಿಂದೆ ನಿಂತಿದ್ದ ಚಿಕ್ಕಮ್ಮನನ್ನು ಕೇಳಿದರು.

‘ತಾಯಿ, ನೀವೇ ಹೇಳ್ಬೇಕು. ಈ ಮನೇಲಿ ನಿಮ್ಮ ಯಜಮಾನ್ರದು ಅಂತ ಏನೇನಿದೆ?’

ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಆಮೇಲೆ ಚಿಕ್ಕಮ್ಮ ಅಂದಳು: ‘ಅವರ್ದು ಅಂತ ಈ ಮನೇಲಿ ಎಂಥದೂ ಇಲ್ಲ.’

ಅವಳು ಹಾಗೆ ಅಂದದ್ದು ಹಂಡೆ ಉಳಿಯಲಿ ಎಂದು. ಅಪ್ಪಯ್ಯ ‘ಹೌದು, ಇರೋದೆಲ್ಲ ನನ್ನ ಹೆಸ್ರಲ್ಲೇ’ ಎಂದದ್ದೂ ಅದಕ್ಕೇ. ಪಂಚರು ತಲೆಯಾಡಿಸಿದ್ದೂ ಅದಕ್ಕೇ. ದಫೇದಾರರು ಒಂದು ನಿಟ್ಟುಸಿರು ಬಿಟ್ಟು, ಆರೋಪಿಗೆ ಸೇರಿದ ಯಾವುದೇ ಚರ ಸೊತ್ತು ಮನೆಯಲ್ಲಿ ಕಂಡುಬರಲಿಲ್ಲ ಎಂದು ಬರೆದು, ಅಪ್ಪಯ್ಯನ ಹೇಳಿಕೆಗೆ ರುಜು ತೆಗೆದುಕೊಂಡು, ಪಂಚರ ರುಜು ತೆಗೆದುಕೊಂಡು, ಮಳೆಯಲ್ಲಿ ಇಳಿದು ಹೋದರು. ಒಂದು ಚಮಚವೂ ಜಪ್ತಿಯಾಗಲಿಲ್ಲ. ಮನೆ ಉಳಿಯಿತು ಎಂದು ಎಲ್ಲರೂ ಅಂದುಕೊಳ್ಳಬೇಕಾಗಿತ್ತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹನ್ನೊಂದು ವರ್ಷ ಆ ಮನೆಯಲ್ಲಿ ಒಲೆ ಉರಿಸಿದ ಹೆಂಗಸು, ತನ್ನ ಗಂಡನಿಗೆ ಇಲ್ಲಿ ಏನೂ ಇಲ್ಲ ಎಂದು ನಾಲ್ಕು ಜನರ ಎದುರು ಹೇಳಿದ್ದಳು. ಭಾವ ಹೌದು ಎಂದಿದ್ದರು. ಸುಳ್ಳು ಎಂದು ಹೇಳಿದ್ದು, ಹೇಳಿದ ಮೇಲೆ ಎಷ್ಟು ನಿಜ ಎಂದು ಎಲ್ಲರಿಗೂ ಅನ್ನಿಸತೊಡಗಿತ್ತು.

ಪಂಚರಲ್ಲಿ ಒಬ್ಬರು ಮಾರನೆಯ ದಿನ ಸಮಾಧಾನಕ್ಕೆಂದು ಬಂದು, ‘ರೈತಸಂಘದವರಿಗೆ ಹೇಳಿದ್ರೆ ಒಂದು ಕೈ ನೋಡ್ತಿದ್ರು ಮಾರಾಯ್ರೆ’ ಅಂದರು. ಆ ಮಾತಿಗೆ ಕಾರಣವಿತ್ತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತಸಂಘ, ಪಕ್ಕದ ಶಿವಮೊಗ್ಗ ಜಿಲ್ಲೆಯಿಂದ ಹಿಡಿದು ರಾಜ್ಯದ ಎಷ್ಟೋ ಕಡೆ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಬೋರ್ಡು ನೆಟ್ಟಿತ್ತು. ಸಾಲದ ಬಾಕಿಗೆ ರೈತನ ಮನೆಯಿಂದ ಹೊತ್ತೊಯ್ದ ಸಾಮಾನನ್ನು ಮೆರವಣಿಗೆಯಲ್ಲಿ ಹೋಗಿ ವಾಪಸು ತರುವ ಮರುಜಪ್ತಿ ಎಂಬ ಹೊಸ ಪದವನ್ನೇ ಕನ್ನಡಕ್ಕೆ ಕೊಟ್ಟಿತ್ತು. ಅಪ್ಪಯ್ಯ ತಲೆ ಎತ್ತದೆ, ‘ಸಾಲಕ್ಕಾದ್ರೆ ಸಂಘ ಬರ್ತದೆ. ನಾಟಾದ ಲಾರಿಗೆ ಯಾವ ಸಂಘ ಬರ್ತದೆ?’ ಅಂದರು.

ಅಜ್ಜಿಯ ತವರಿನ ನಂಟು ಸಾಗರ ದಾಟಿ ಸಿದ್ದಾಪುರದವರೆಗೂ ಹಬ್ಬಿತ್ತು. ಜಪ್ತಿಯೇ ಮರ್ಯಾದೆಯಾಗಿದ್ದ ಕಾಲದ ಕತೆಯನ್ನು ಅವಳು ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು, ನಾವು ಮೈಸೂರು ಮಹಾರಾಜರ ಪ್ರಜೆಗಳು. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಬ್ರಿಟಿಷರಿಗೆ ಕಂದಾಯ ಕೊಡುವುದಿಲ್ಲ ಎಂದು ಕೂತರು. ಸರ್ಕಾರ ಜಮೀನು, ಮನೆ, ಪಾತ್ರೆಪಗಡೆ ಎಲ್ಲವನ್ನೂ ಮುಟ್ಟುಗೋಲು ಹಾಕಿ ಹರಾಜಿಗೆ ಇಟ್ಟಿತು. ಹರಾಜಿನಲ್ಲಿ ಕೊಂಡವರ ಮನೆಯ ಬಾಗಿಲಲ್ಲಿ ಸಿದ್ದಾಪುರದ ಹೆಂಗಸರು ಉಪವಾಸ ಕೂತರು. 1932ರ ಮಾವಿನಗುಂಡಿಯ ಸತ್ಯಾಗ್ರಹ ಎಂದರೆ ಅದೇ. ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ, 1938ರಲ್ಲಿ, ಹಾಗೆ ಹೋದ ಜಮೀನನ್ನು ಹಿಂದಿರುಗಿಸಲು ಕಾನೂನೇ ಆಯಿತು.

ಆ ಮನೆಗಳಲ್ಲೂ ಹಂಡೆ ಇದ್ದಿರಬೇಕು. ಆದರೆ ಅಲ್ಲಿ ‘ಯಾರದು?’ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಬಾಕಿ ಮನೆಯದು, ಹಟ ಮನೆಯದು, ಹೋದದ್ದೂ ಮನೆಯದು. ಹೋದರೂ ಮನೆ ಒಡೆಯಲಿಲ್ಲ. ನಮ್ಮಲ್ಲಿ ಏನೂ ಹೋಗಲಿಲ್ಲ, ಆದರೂ ಎಲ್ಲೋ ಬಿರುಕು ಬಿಟ್ಟಿತು.

ಸೊತ್ತು ಸಿಗಲಿಲ್ಲ ಎಂದು ವರದಿ ಹೋದರೆ ಜುಲ್ಮಾನೆ ಮುಗಿಯಲಿಲ್ಲ. ಅದರ ಆಯುಷ್ಯ ದೊಡ್ಡದು. ಶಿಕ್ಷೆಯಾದ ದಿನದಿಂದ ಆರು ವರ್ಷದೊಳಗೆ ಯಾವಾಗ ಬೇಕಾದರೂ ವಸೂಲು ಮಾಡಬಹುದು. ಅಪರಾಧಿ ಸತ್ತರೂ ಅವನ ಸೊತ್ತಿನ ಮೇಲಿನ ಹೊಣೆ ಹೋಗುವುದಿಲ್ಲ. 1860ರ ದಂಡ ಸಂಹಿತೆಯ 70ನೇ ಕಲಮು ಇದು. ಇತ್ತ ಸೊತ್ತಿಲ್ಲ ಎಂದಾದ ಮೇಲೆ ಚಿಕ್ಕಯ್ಯನನ್ನೇ ಹಿಡಿದು ಸಜೆಗೆ ಕಳಿಸುವ ವಾರಂಟು ಹೊರಡುವುದು ಖಾತ್ರಿ. ಚಿಕ್ಕಮ್ಮ ನನ್ನನ್ನು ಕರೆದು, ‘ಮಗ, ನಂಗೆ ಒಂದು ಸಲ ವಕೀಲರ ಹತ್ರ ಮಾತಾಡ್ಬೇಕು. ನೀನು ಜೊತೆಗೆ ಬಾ’ ಅಂದಳು. ಬಾಳಗಡಿಯವರೆಗೆ ನಡೆದು, ಅಲ್ಲಿಂದ ಸಹಕಾರ ಸಾರಿಗೆ ಬಸ್ಸು ಹತ್ತಿದೆವು. ಖಾಸಗಿ ಕಂಪೆನಿ ಮುಚ್ಚಿ ಕೆಲಸ ಕಳೆದುಕೊಂಡ ನೌಕರರೇ ಸೇರಿ 1991ರಲ್ಲಿ ಕಟ್ಟಿಕೊಂಡ ಬಸ್ಸಿನ ಸಂಸ್ಥೆ ಅದು. ಆ ಬಸ್ಸುಗಳು 2020ರಲ್ಲಿ ನಿಂತುಹೋದಾಗ ನಮ್ಮ ಕಡೆಯವರಿಗೆ ಮನೆಯವರೇ ಹೋದಷ್ಟು ಬೇಜಾರಾಯಿತು.

ವಕೀಲರು ಚಿಕ್ಕಮ್ಮನನ್ನು ಕೂರಿಸಿ ನಿಧಾನವಾಗಿ ಹೇಳಿದರು. ದಂಡ ಕಟ್ಟದ್ದಕ್ಕೆ ಕೊಡುವ ಸಜೆ, ದಂಡ ಕಟ್ಟಿದ ಗಳಿಗೆಗೆ ಮುಗಿಯುತ್ತದೆ. ಸ್ವಲ್ಪ ಕಟ್ಟಿದರೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ದಂಡ ಸಂಹಿತೆಯಲ್ಲಿ ಇದಕ್ಕೊಂದು ಲೆಕ್ಕವನ್ನೇ ಕೊಟ್ಟಿದ್ದಾರೆ ಎಂದು ಪುಸ್ತಕ ತೆಗೆದು ತೋರಿಸಿದರು. ನೂರು ರೂಪಾಯಿ ದಂಡ, ತಪ್ಪಿದರೆ ನಾಲ್ಕು ತಿಂಗಳು ಸಜೆ ಎಂದಿದ್ದವನು, ಮೊದಲ ತಿಂಗಳು ಮುಗಿಯುವುದರೊಳಗೆ 75 ರೂಪಾಯಿ ಸಂದಾಯವಾದರೆ, ಆ ಒಂದು ತಿಂಗಳು ಮುಗಿದ ಕೂಡಲೇ ಹೊರಗೆ ಬರುತ್ತಾನೆ. ‘ನಿಮ್ಮವರು ಸಾವಿರ ಕಟ್ಟಿದಾರೆ. ಉಳಿದ ಎರಡು ಸಾವಿರಕ್ಕೆ 20 ದಿನ’ ಅಂದರು.

ಚಿಕ್ಕಮ್ಮ ಮನಸ್ಸಿನಲ್ಲೇ ಭಾಗಿಸಿದಳು. ‘ಅಂದ್ರೆ ದಿನಕ್ಕೆ ನೂರು ರೂಪಾಯಿ’ ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ದಿನದಲ್ಲಿ ಮೊದಲ ಸಲ ನಕ್ಕು, ‘ನಿಮ್ಮ ಚಿಕ್ಕಯ್ಯಂಗೆ ದಿನಕ್ಕೆ ನೂರು ರೂಪಾಯಿ ಬೆಲೆ ಕಟ್ಟಿದ್ದು ಈ ಪುಸ್ತಕ ಒಂದೇ ಕಣೋ’ ಅಂದಳು. ಆಗ ತೋಟದ ಕೆಲಸಕ್ಕೆ ದಿನಕ್ಕೆ ಅಷ್ಟು ಎಲ್ಲಿ ಸಿಗುತ್ತಿತ್ತು!

20 ದಿನ ಜೈಲಿನಲ್ಲಿ ಕೂತು ಬರಲಿ ಎಂದು ಅಪ್ಪಯ್ಯನ ಮತ. ಒಮ್ಮೆ ಕಟ್ಟಿದರೆ ಮತ್ತೊಮ್ಮೆಯೂ ಕಟ್ಟಬೇಕಾಗುತ್ತದೆ ಎಂದು ಅವರು ಹೇಳಿದ್ದರಲ್ಲಿ ಲೋಕಜ್ಞಾನವಿತ್ತು. ಮಳೆಗಾಲದಲ್ಲಿ ಅಡಿಕೆ ಬೆಳೆಗಾರನ ಕೈಯಲ್ಲಿ ಹಣ ಇರುವುದಿಲ್ಲ ಎಂಬುದೂ ನಿಜ. ಚಿಕ್ಕಮ್ಮ ವಾದಿಸಲಿಲ್ಲ. ತವರಿನಿಂದ ಬಂದಿದ್ದ ತನ್ನ ಎಮ್ಮೆಯನ್ನು ಯಾರಿಗೂ ಹೇಳದೆ ಮಾರಿದಳು. ಕೊಟ್ಟಿಗೆಯಲ್ಲಿ ‘ಇದು ಇಂಥವರದು’ ಎಂದು ಖಚಿತವಾಗಿ ಹೇಳಬಹುದಾಗಿದ್ದದ್ದು ಅದೊಂದೇ. ಜಪ್ತಿಗೆ ಬಂದವರು ಅದನ್ನು ಮುಟ್ಟುವ ಹಾಗೆಯೇ ಇರಲಿಲ್ಲ. ಕೋರ್ಟಿನ ಕಚೇರಿಯಲ್ಲಿ ನೋಟು ಎಣಿಸಿ ಕೊಟ್ಟು, ಚಿಕ್ಕಯ್ಯನ ಹೆಸರಿಗೆ ರಸೀದಿ ಪಡೆದು, ಅದನ್ನು ನಾಲ್ಕು ಮಡಿಕೆ ಮಾಡಿ ಬಟ್ಟೆಯ ಚೀಲದೊಳಗೆ ಇಟ್ಟಳು. ಮನೆಗೆ ಬಂದು ತನ್ನ ಟ್ರಂಕಿನ ತಳಕ್ಕೆ ಸೇರಿಸುವಾಗ, ‘ಈ ಮನೇಲಿ ಅವರ್ದು ಅಂತ ಇರೋದು ಇದೊಂದೇ’ ಅಂದಳು. ಅದರಲ್ಲಿ ಸಿಟ್ಟು ಎಷ್ಟಿತ್ತು, ತಮಾಷೆ ಎಷ್ಟಿತ್ತು ಎಂದು ನನಗೆ ಇವತ್ತಿಗೂ ಬಿಡಿಸಲಾಗಿಲ್ಲ.

ಎಮ್ಮೆ ಇಲ್ಲದ ಗೂಟವನ್ನು ಅಪ್ಪಯ್ಯ ಆ ಸಂಜೆಯೇ ನೋಡಿದರು. ಏನೂ ಕೇಳಲಿಲ್ಲ. ದೀಪಾವಳಿ ಕಳೆದು ಅಟ್ಟದ ಅಡಿಕೆ ಮಾರಿದ ವಾರದಲ್ಲಿ, ಒಂದು ದಿನ ಮಧ್ಯಾಹ್ನ, ಬೇರೊಂದು ಎಮ್ಮೆಯನ್ನು ಹೊಡೆದುಕೊಂಡು ಬಂದು ಅದೇ ಗೂಟಕ್ಕೆ ಕಟ್ಟಿದರು. ಅಮ್ಮ ಹೊರಗೆ ಬಂದು, ‘ಇದು ಯಾರ್ದು?’ ಎಂದು ಕೇಳಿದಳು. ಅಪ್ಪಯ್ಯ ಕಾಲು ತೊಳೆಯುತ್ತಾ, ‘ಕೊಟ್ಟಿಗೇದು’ ಅಂದರು.

ಇಷ್ಟಕ್ಕೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು. 1995ರಲ್ಲಿ ಚಿಕ್ಕಯ್ಯ ತಿರುಗಿ ಬಂದ. ತೆಳ್ಳಗಾಗಿದ್ದ, ಸ್ವಲ್ಪ ಹಣ ಮಾಡಿದ್ದ. ಒಂದು ತಿಂಗಳು ಎಲ್ಲವೂ ಸರಿಯಿತ್ತು. ಆಮೇಲೆ ಯಾರೋ ಪೇಟೆಯಲ್ಲಿ ಮಹಜರಿನ ಸುದ್ದಿ ಅವನ ಕಿವಿಗೆ ಹಾಕಿದರು. ಒಂದು ರಾತ್ರಿ ಊಟವಾದ ಮೇಲೆ ಅವನು ಶಾಂತವಾಗಿಯೇ ಕೇಳಿದ: ‘ನಂದು ಅಂತ ಈ ಮನೇಲಿ ಎಂಥದೂ ಇಲ್ಲ ಅಂತ ರುಜು ಹಾಕಿದೀಯಂತಲ್ಲ ಅಣ್ಣಯ್ಯ?’

‘ನಿನ್ನನ್ನ ಉಳಿಸ್ಲಿಕ್ಕೇ ಹಾಕಿದ್ದು ಮಾರಾಯ.’

‘ನನ್ನನ್ನ ಉಳಿಸ್ಲಿಕ್ಕೋ, ಹಂಡೆ ಉಳಿಸ್ಲಿಕ್ಕೋ?’

ಎರಡೂ ನಿಜ. ಆದರೆ ಎರಡು ನಿಜಗಳು ಎದುರುಬದುರು ಕೂತರೆ ಮಾತು ಮುಂದುವರಿಯುವುದಿಲ್ಲ. ಮರುವರ್ಷ ಪಾಲಾಯಿತು. ಆ ಮಹಜರಿಗೆ ಪಾಲಿನ ವಿಷಯದಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಅದು ಪಾಲುಪಟ್ಟಿ ಅಲ್ಲ, ಚರ ಸೊತ್ತಿನ ಬಗ್ಗೆ ಪೊಲೀಸರು ಬರೆದುಕೊಂಡದ್ದು. ಪಿತ್ರಾರ್ಜಿತ ತೋಟಗದ್ದೆಯ ಹಕ್ಕು ಅದರಿಂದ ಹೋಗುವುದಿಲ್ಲ ಎಂದು ವಕೀಲರು ಇಬ್ಬರಿಗೂ ಹೇಳಿದರು. ಇಬ್ಬರೂ ಒಪ್ಪಿದರು. ಸರಿಯಾಗಿ ಅರ್ಧರ್ಧವೇ ಆಯಿತು, ಜಗಳವಿಲ್ಲದೆ. ಎಮ್ಮೆ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಅದು ಚಿಕ್ಕಮ್ಮನ ಹಿಂದೆ ಹೋಯಿತು. ಹಂಡೆಯ ಮಾತು ಬಂದಾಗ ಅಜ್ಜಿ, ‘ನಾನು ಇರೋವರೆಗೆ ಅದು ಇದ್ದಲ್ಲೇ ಇರ್ಲಿ’ ಅಂದಳು. ಪಾಲುಪಟ್ಟಿಯಲ್ಲಿ ಹಂಡೆಯನ್ನು ಬರೆಯಲಿಲ್ಲ.

ಪಾಲು ಆಗಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಒಂದಲ್ಲ ಒಂದು ದಿನ ಆಗುತ್ತಿತ್ತು. ನನಗೆ ತೋರುವುದು ಇಷ್ಟು: ದಂಡ ಹಾಕುವಾಗ ಕೋರ್ಟಿನ ಕಣ್ಣಿಗೆ ಕಾಣುವುದು ಕಟಕಟೆಯಲ್ಲಿ ನಿಂತ ಒಬ್ಬ ಮನುಷ್ಯ. ವಾರಂಟು ಬರುವುದು ಮಾತ್ರ ಅವನಿಲ್ಲದ ಮನೆಗೆ. ಬಾಗಿಲು ತೆಗೆಯುವವರು ಅವನ ಹೆಂಡತಿ, ಅವನ ತಾಯಿ. ಉತ್ತರ ಹೇಳಬೇಕಾದವರು ಅವರು. ಅವನ ಪಾಲಿನ ಮೂರು ಸಾವಿರಕ್ಕಿಂತ ಅವರು ಹೇಳಬೇಕಾಗಿ ಬಂದ ಒಂದು ಮಾತು ದುಬಾರಿಯಾಯಿತು.

ಈಗ ಕಾನೂನಿನ ಪುಸ್ತಕ ಬದಲಾಗಿದೆ. 2024ರ ಜುಲೈ 1ರಿಂದ ಜುಲ್ಮಾನೆ ವಸೂಲಿಯ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 461; ಕಂತಿನ ಕಿಂಡಿ 464; ಆರು ವರ್ಷದ ಲೆಕ್ಕ, ತಪ್ಪಿದ್ದಕ್ಕೆ ಸಜೆಯ ಲೆಕ್ಕ ಭಾರತೀಯ ನ್ಯಾಯ ಸಂಹಿತೆಯ 8. ಅಂಕಿ ಬದಲಾಯಿತು, ತಿರುಳು ಅದೇ. ಹೀಗೆ ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ ಹೆದರಬೇಕಾಗಿಲ್ಲ. ವಾರಂಟು ತೋರಿಸಿ ಎನ್ನಿ. ಅದರಲ್ಲಿ ಯಾರ ಹೆಸರಿದೆ, ಎಷ್ಟು ಬಾಕಿ ಇದೆ ಓದಿ. ನಿಮ್ಮದನ್ನು ನಿಮ್ಮದು ಎಂದು ಹೇಳಿ. ಹಣ ಕೊಟ್ಟರೆ ರಸೀದಿ ಇಲ್ಲದೆ ಕೊಡಬೇಡಿ. ಮಳೆಯಲ್ಲಿ ಬಂದಿದ್ದರೆ ಕಾಫಿ ಕೊಡಿ, ಅವರು ತಮ್ಮ ಕೆಲಸಕ್ಕೆ ಬಂದವರು. ಈಗಿನ ಮನೆಗಳಲ್ಲಿ ‘ಯಾರದು?’ ಎಂಬ ಪ್ರಶ್ನೆಗೆ ಉತ್ತರವೂ ಸುಲಭ. ಫ್ರಿಜ್ಜಿಗೆ ಬಿಲ್ಲಿದೆ, ಬಿಲ್ಲಿನ ಮೇಲೆ ಹೆಸರಿದೆ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಹಂಡೆಯನ್ನು ಆಮೇಲೂ ಯಾರೂ ಎತ್ತಲಿಲ್ಲ. ಹಳೆಯ ಮನೆಯ ಬಚ್ಚಲಲ್ಲೇ ಇದೆ. ಅಂಗಳದಾಚೆ ಚಿಕ್ಕಯ್ಯ ಕಟ್ಟಿಸಿದ ಹೊಸ ಮನೆಯ ಮಾಡಿನ ಮೇಲೆ ಸೋಲಾರ್ ಬಂದಿದೆ. ಆದರೆ ನಮ್ಮ ಮಳೆಗೆ ಸೋಲಾರ್ ಎಂದರೆ ಅಲಂಕಾರಕ್ಕೆ. ಆಷಾಢದಲ್ಲಿ ಚಿಕ್ಕಮ್ಮ ಎರಡು ಬಕೆಟ್ ಹಿಡಿದು ಹಿತ್ತಿಲ ಬಾಗಿಲಿಂದ ಹಳೆಯ ಬಚ್ಚಲಿಗೆ ಬರುತ್ತಾಳೆ, ಬಿಸಿನೀರು ತುಂಬಿಕೊಂಡು, ಒಲೆಗೆ ಎರಡು ಸೌದೆ ಮುಂದೂಡಿ ಹೋಗುತ್ತಾಳೆ. ಯಾರನ್ನೂ ಕೇಳುವುದಿಲ್ಲ.